ಹತ್ತಕ್ಕೆ ಹತ್ತು ಹೇಳಿದ ಕಿವಿ

ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಸ್ಕೇಟಿಂಗ್ ರಿಂಕ್‌ನಲ್ಲಿ ಅರವತ್ತು ಮಂದಿ ಗಾಲಿಗಳ ಮೇಲಿದ್ದರು. ಕಂಬಿಯ ಪಕ್ಕದಲ್ಲಿ ಒಬ್ಬಳು ಮಾತ್ರ ಚಪ್ಪಲಿಯಲ್ಲಿದ್ದಳು. ಎರಡೂ ಕೈ ಎತ್ತಿಕೊಂಡು, ಏನೋ ಕೂಗುತ್ತ, ಡಿಜೆ ಬೂತಿನತ್ತ ಓಡಿ ಬರುತ್ತಿದ್ದಳು.

ಡಿಜೆಗೆ ಕೇಳಿಸಿದ್ದು ಒಂದೇ ಪದ. "ಹಾಕು! ಹಾಕು!"

ಎಂಥ ಉತ್ಸಾಹ ಎಂದುಕೊಂಡ ಅವನು. ನಕ್ಕು ಹೆಬ್ಬೆರಳು ಎತ್ತಿ ತೋರಿಸಿದ. ಮುಗಿಯುತ್ತ ಬಂದಿದ್ದ ಹಾಡನ್ನು ಮತ್ತೆ ಮೊದಲಿನಿಂದ ಹಾಕಿದ. ಈ ಸಲ ಸದ್ದನ್ನು ಇನ್ನಷ್ಟು ಏರಿಸಿದ.

ಅವಳು ನಿಂತಲ್ಲೇ ನಿಂತುಬಿಟ್ಟಳು. ಮೇಲೆತ್ತಿದ್ದ ಕೈಗಳು ನಿಧಾನವಾಗಿ ಇಳಿದು ಕಿವಿ ಮುಚ್ಚಿಕೊಂಡವು.

ಶೂ ಕೊಡುವ ಕೌಂಟರಿನಿಂದ ಚಿಕ್ಕಮ್ಮ ಎದ್ದು ಬಂದರು. ರಿಂಕ್ ನಡೆಸುವವರು ಅವರೇ. ಅಮ್ಮ ಹೋದ ಮೇಲೆ ಡಿಜೆಯನ್ನು ಏಳನೇ ವಯಸ್ಸಿನಿಂದ ಬೆಳೆಸಿದವರೂ ಅವರೇ.

"ಲೋ, ಆ ಹುಡುಗಿ ಸಾಕು ಸಾಕು ಅಂತ ಬಡ್ಕೋತಿದಾಳೆ. ನೀನು ಮತ್ತೆ ಹಾಕ್ತಿದೀಯಲ್ಲೋ!"

"ಸಾಕು ಅಂದ್ರಾ?"

"ಇಷ್ಟು ದೂರ ಕೂತ ನನಗೆ ಕೇಳಿಸ್ತು. ನಿನ್ನ ಕಿವಿಗೇನು ಬಂತು?"

ಅವನು ಹಾಡು ನಿಲ್ಲಿಸಿದ. ಮುಂದಿನದನ್ನು ಹಾಕಿದ. ಮೂರು ವರ್ಷಗಳಿಂದ ಅವನ ಎಡಗಿವಿಯೊಳಗೆ ಒಂದು ಸಣ್ಣ ಸೀಟಿ ನಿಲ್ಲದೆ ಊದುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಅವಳು ಬೂತಿನೆದುರು ಬಂದು ನಿಂತಿದ್ದಳು. ಓಡಿ ಬಂದದ್ದಕ್ಕೆ ಕೆನ್ನೆ ಕೆಂಪಾಗಿತ್ತು, ಕೋಪಕ್ಕೆ ಕಿವಿಯ ತುದಿ.

"ನಾನು ಕಳಿಸಿದ ಫೈಲ್ ಎಲ್ಲಿ?"

"ಈಗ ಹಾಕಿದ್ದು ನಿಮ್ಮ ಹಾಡೇ ತಾನೆ?"

"ಅದು ನನ್ನ ಹಾಡಿನ ಹೆಣ."

ಹಾಡು ಅವಳದೇ ಹೌದು. ಆರು ನಿಮಿಷ ಹನ್ನೆರಡು ಸೆಕೆಂಡಿನ ಡಾನ್ಸ್ ಟ್ರ್ಯಾಕ್. ಕಂಪನಿಯಿಲ್ಲ, ಸ್ಟುಡಿಯೋ ಇಲ್ಲ, ಎಂಟು ತಿಂಗಳು ಒಬ್ಬಳೇ ಕೂತು ಮಾಡಿದ್ದು. ನಿಜವಾದ ನೆಲದ ಮೇಲೆ, ನಿಜವಾದ ಜನ ಓಡಾಡುವಾಗ ಅದು ಹೇಗೆ ಕೇಳುತ್ತದೆ ಎಂದು ನೋಡಬೇಕಿತ್ತು. ಒಂದು ಸಲ ಹಾಕ್ತೀರಾ ಎಂದು ವಾರದ ಹಿಂದೆ ಮೆಸೇಜಿನಲ್ಲಿ ಕೇಳಿದ್ದಳು. ಅವನು ಒಪ್ಪಿದ್ದ. ಮುಖತಃ ನೋಡಿದ್ದು ಇವತ್ತೇ.

"ನಿಮ್ಮ ಫೈಲ್ ಈ ಪ್ಲೇಯರಲ್ಲಿ ತೆರೀಲೇ ಇಲ್ಲ," ಎಂದ ಅವನು. "ಇಪ್ಪತ್ನಾಲ್ಕು ಬಿಟ್, ತೊಂಬತ್ತಾರು ಕಿಲೋಹರ್ಟ್ಸ್. ಅಷ್ಟು ದೊಡ್ಡ ತುತ್ತು ಈ ಹಳೇ ಮಿಷನ್‌ಗೆ ನುಂಗೋಕಾಗಲ್ಲ. ಮಾತು ಕೊಟ್ಟಿದ್ನಲ್ಲ ಅಂತ ಫೋನಲ್ಲಿ ನೀವು ಕಳಿಸಿದ್ದ ಸ್ಯಾಂಪಲ್ ಹಾಕ್ದೆ."

"ಅದು ಮೆಸೇಜಲ್ಲಿ ಕಳಿಸೋಕೆ ಹಿಂಡಿ ಹಿಪ್ಪೆ ಮಾಡಿದ್ದು!"

"ಹಾಗಾದ್ರೆ ಒಂದು ಎಂಪಿತ್ರೀ ಕೊಡಿ. ಸಾಕು."

ಅವಳು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಓ, ಸಾಕು ಅನ್ನೋ ಪದ ನಿಮಗೂ ಗೊತ್ತಾ?"

ಚಿಕ್ಕಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದರು. ಡಿಜೆಗೆ ನಾಚಿಕೆಯಾಯಿತು. ಅದರ ಜೊತೆಗೆ, ಬೈಸಿಕೊಂಡವನಿಗೆ ಆಗಬಾರದ ಇನ್ನೇನೋ ಆಯಿತು. ಅವಳು ಇನ್ನೊಂದು ಮಾತು ಬೈದರೂ ಆಗಬಹುದು ಅನ್ನಿಸಿತು.

*

ಸೋಮವಾರ ರಿಂಕ್‌ಗೆ ರಜೆ. ಹನ್ನೊಂದಕ್ಕೆ ಸರಿಯಾಗಿ ಅವಳು, ಫೈಲಿನ ವಿಷಯ ಇತ್ಯರ್ಥ ಮಾಡಲು, ಲ್ಯಾಪ್‌ಟಾಪ್ ಹಿಡಿದು ಆಫೀಸಿಗೆ ಬಂದಳು. ಆಫೀಸೆಂದರೆ ಶೂ ಕಪಾಟುಗಳ ಹಿಂದಿನ ಸಣ್ಣ ಕೋಣೆ. ಇಬ್ಬರು ಎದುರುಬದುರು ಕೂತರೆ ಮೇಜಿನ ಕೆಳಗೆ ಮೊಣಕಾಲು ಎಲ್ಲಿಡುವುದೆಂದು ಯೋಚಿಸಬೇಕಾಗುತ್ತಿತ್ತು.

"ಕೆಲಸ ಏನಮ್ಮ ನಿಂದು?" ಸವೆದ ಲೇಸುಗಳನ್ನು ಬದಲಾಯಿಸುತ್ತ ಬಾಗಿಲ ಬಳಿ ಕೂತಿದ್ದ ಚಿಕ್ಕಮ್ಮ ಕೇಳಿದರು.

"ಆಡಿಯಾಲಜಿಸ್ಟ್, ಆಂಟಿ. ಕಿವಿ ಎಷ್ಟು ಕೇಳಿಸುತ್ತೆ ಅಂತ ಪರೀಕ್ಷೆ ಮಾಡ್ತೀನಿ."

"ಓ, ಕಿವಿ ಡಾಕ್ಟ್ರು."

"ಡಾಕ್ಟ್ರಲ್ಲ ಆಂಟಿ."

"ಇರ್ಲಿ ಬಿಡು ಡಾಕ್ಟ್ರೇ."

ಡಿಜೆಯ ಕೈಯಲ್ಲಿದ್ದ ಕೇಬಲ್ ಜಾರಿ ಬಿತ್ತು. ಬಗ್ಗಿ ಹುಡುಕುವ ನೆಪದಲ್ಲಿ ಅವನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮೇಜಿನ ಕೆಳಗೇ ಇದ್ದ. ಊರಲ್ಲಿ ಇಷ್ಟು ಹೆಣ್ಣುಮಕ್ಕಳಿದ್ದು, ಅವನ ಎದುರು ಬಂದು ಕೂತವಳಿಗೆ ಕಿವಿ ಪರೀಕ್ಷಿಸುವ ಕೆಲಸವೇ ಇರಬೇಕಾಗಿತ್ತೇ?

ಊಟದ ವಿರಾಮದಲ್ಲಿ ಕ್ಲಿನಿಕ್ಕಿನ ಪರೀಕ್ಷಾ ಕೋಣೆ ಖಾಲಿಯಿರುತ್ತದೆ, ಸದ್ದು ಒಳಬಾರದ ಕೋಣೆ, ಹಾಡಿನ ದನಿಗಳನ್ನೆಲ್ಲ ಅಲ್ಲೇ ರೆಕಾರ್ಡ್ ಮಾಡಿದೆ ಎಂದು ಅವಳು ವಿವರಿಸಿದಳು. ಎರಡನೇ ನಿಮಿಷದಲ್ಲಿ ಬರುವ ಗೆಜ್ಜೆಯಂಥ ಸದ್ದು ಗೆಜ್ಜೆಯಲ್ಲ, ಕಿವಿ ಪರೀಕ್ಷೆಯಲ್ಲಿ ತಟ್ಟಿ ನುಡಿಸುವ ಶ್ರುತಿಕವಲು, ಅಂದರೆ ಟ್ಯೂನಿಂಗ್ ಫೋರ್ಕ್.

"ಅದು ನಿಮಗೆ ಹೇಗನ್ನಿಸ್ತು?"

ಅಂಥ ಸದ್ದು ಇತ್ತೆಂಬುದೇ ಅವನಿಗೆ ಈಗಷ್ಟೇ ಗೊತ್ತಾಗಿತ್ತು.

"ಚೆನ್ನಾಗಿದೆ," ಎಂದ.

ಅವಳ ಸಮಸ್ಯೆ ಇಷ್ಟು. ಒಂದು ಡಿಜೆ ಪೂಲ್ ಇದೆ. ಹೊಸ ಹಾಡುಗಳನ್ನು ನೂರ ಅರವತ್ತು ಡಿಜೆಗಳಿಗೆ ಒಂದೇ ಏಟಿಗೆ ತಲುಪಿಸುತ್ತದೆ. ಹೊಸಬರಿಗೆ ವರ್ಷಕ್ಕೆ ಒಂದೇ ಅವಕಾಶ. ಒಂದೇ ಫೈಲ್, ಒಂದೇ ಫಾರ್ಮ್ಯಾಟ್. ಒಮ್ಮೆ ಏರಿಸಿದರೆ ಬದಲಾಯಿಸುವಂತಿಲ್ಲ. ಈ ವರ್ಷದ ಬಾಗಿಲು ಗುರುವಾರ ಸಂಜೆ ಆರಕ್ಕೆ ಮುಚ್ಚುತ್ತದೆ.

"ನಾನು ಮಾಡಿದ ಹಾಗೇ ಕಳಿಸ್ತೀನಿ," ಎಂದಳು. "ತೊಂಬತ್ತಾರರ ವೇವ್ ಫೈಲ್. ಒಂದು ಕೂದಲೂ ಕತ್ತರಿಸಲ್ಲ."

"ಅರ್ಧ ಜನರ ಮಿಷನ್ ಅದನ್ನ ತೆರೆಯೋದೇ ಇಲ್ಲ."

"ತೆರೀದಿದ್ರೆ ಬರೆದು ಕೇಳ್ತಾರೆ."

"ಯಾರೂ ಕೇಳಲ್ಲ ಮೇಡಂ. ಎದುರಿಗೆ ಜನ ಇರ್ತಾರೆ. ಫೈಲ್ ತೆರೀಲಿಲ್ಲ ಅಂದ್ರೆ ಮೂರು ಸೆಕೆಂಡಲ್ಲಿ ಮುಂದಿನ ಹಾಡಿಗೆ ಹೋಗ್ತಾರೆ. ನಿಮ್ಮದು ಕೆಟ್ಟದಾಗಿದೆ ಅಂತಲೂ ಅಲ್ಲ. ಅದು ಇತ್ತು ಅಂತಲೇ ಗೊತ್ತಾಗಲ್ಲ. ಇನ್ನೊಂದು, ವೇವ್‌ನಲ್ಲಿ ಹಾಡಿನ ಹೆಸರು, ನಿಮ್ಮ ಹೆಸರು ಎಷ್ಟೋ ಸಲ ದಾರೀಲೇ ಬಿದ್ದುಹೋಗುತ್ತೆ. ನನ್ನ ಪೆನ್‌ಡ್ರೈವ್‌ನಲ್ಲೇ ಯಾರದು ಅಂತ ಗೊತ್ತಿಲ್ಲದ ನಲವತ್ತು ಹಾಡಿವೆ. ನಿಮ್ಮ ಫೈಲಿನ ಹೆಸರಂತೂ..."

"ಏನಾಗಿದೆ ಅದಕ್ಕೆ?"

"'ಫೈನಲ್ ಏಳು ನಿಜವಾಗ್ಲೂ ಫೈನಲ್' ಅಂತಿದೆ."

ಅವಳು ನಗಬಾರದು ಎಂದುಕೊಂಡು ತುಟಿ ಬಿಗಿದಳು. ನಗು ನಿಲ್ಲಲಿಲ್ಲ. ತುಟಿಯ ಎಡ ಮೂಲೆಯಲ್ಲಿ ಒಂದು ಗುಳಿ ಬಿತ್ತು, ಬೆರಳ ತುದಿಯಷ್ಟು. ಅವನು ಅದನ್ನು ನೋಡಿ ಕೇಬಲ್‌ನತ್ತ ಕಣ್ಣು ತಿರುಗಿಸಿದ.

"ಸರಿ, ಹೀಗೆ ಮಾಡೋಣ," ಎಂದಳು. "ನಿಮ್ಮ ಎಂಪಿತ್ರೀ ಸಾಕೋ ಬೇಡವೋ ಪರೀಕ್ಷೆ ಮಾಡೋಣ. ವೇವ್, ಎಂಪಿತ್ರೀ ಎರಡನ್ನೂ ಒಂದೇ ಸದ್ದಿಗೆ ಇಟ್ಟಿದ್ದೀನಿ. ನಾನು ಯಾವುದೋ ಒಂದು ಹಾಕ್ತೀನಿ, ಅದು ಯಾವುದು ಅಂತ ನೀವು ಹೇಳಿ. ಹತ್ತು ಸಲ. ಐದಾರು ಸರಿಯಾದ್ರೆ ಅದೃಷ್ಟ. ಒಂಬತ್ತರ ಮೇಲಾದ್ರೆ ಕಿವಿ."

ಆಗುವುದಿಲ್ಲ ಎನ್ನಲು ಒಂದು ಕಾರಣ ಬೇಕಿತ್ತು. ಇದ್ದ ಒಂದೇ ಕಾರಣವನ್ನು ಅವನು ಹೇಳುವಂತಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡ.

ಮೊದಲನೆಯದು. ಡ್ರಮ್ಮು, ಅದರಡಿಯಲ್ಲಿ ಬೇಸ್. ಅವನಿಗೆ ಎಲ್ಲವೂ ಚೆಂದವೇ. ವೇವೋ ಎಂಪಿತ್ರೀಯೋ ದೇವರಿಗೇ ಗೊತ್ತು. ಏನೂ ತೋಚದೆ ಎದುರಿಗಿದ್ದ ಮುಖವನ್ನು ನೋಡಿದ.

ಅವಳ ಬಲ ಹುಬ್ಬು ಒಂದು ಎಳೆಯಷ್ಟು ಮೇಲೇರಿತ್ತು. ಈಗ ತಪ್ಪು ಹೇಳ್ತಾನೆ ನೋಡು ಎಂದು ಕಾಯುವ ಟೀಚರ ಹುಬ್ಬು.

"ಎಂಪಿತ್ರೀ," ಎಂದ.

ಹುಬ್ಬು ಆಶ್ಚರ್ಯದಿಂದ ಇನ್ನೂ ಮೇಲೇರಿತು. ಬರೆದುಕೊಂಡಳು.

ಎರಡನೆಯದು. ಈ ಸಲ ಹುಬ್ಬು ಅಲುಗಲಿಲ್ಲ. ಉಸಿರು ಮೆಲ್ಲಗೆ ಇಳಿಯಿತು, ಭುಜ ಸಡಿಲವಾಯಿತು, ತುಟಿಯ ಮೂಲೆಯಲ್ಲಿ ಗುಳಿ ಮೂಡಿತು. ತನ್ನ ಕೈಯಡುಗೆ ತಾನೇ ಮೆಚ್ಚಿದವರ ಮುಖ.

"ವೇವ್."

ಮೂರನೆಯದು ಮತ್ತೆ ಹುಬ್ಬು. ನಾಲ್ಕನೆಯದಕ್ಕೆ ಅವಳು ಬಗ್ಗಿ ಸ್ಕ್ರೀನ್ ನೋಡುತ್ತಿದ್ದಳು, ಕೂದಲು ಮುಖಕ್ಕೆ ಅಡ್ಡ ಬಂದಿತ್ತು.

"ಇನ್ನೊಂದ್ಸಲ ಹಾಕಿ," ಎಂದ.

ತಲೆಯೆತ್ತಿ, ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿ, ಮತ್ತೆ ಹಾಕಿದಳು. ಗುಳಿ.

"ವೇವ್."

ಐದನೆಯದರ ಹೊತ್ತಿಗೆ ಅವನು ಹಾಡು ಕೇಳುವುದನ್ನೇ ಬಿಟ್ಟಿದ್ದ. ಕಣ್ಣುಗಳ ಬಣ್ಣ ಕಪ್ಪೆಂದುಕೊಂಡಿದ್ದ, ಕಿಟಕಿಯ ಬೆಳಕಿಗೆ ಅದು ಕಂದು. ಎಡಗೆನ್ನೆಯ ಮೇಲೆ ಪೆನ್ನಿನ ಮಸಿ ಇತ್ತು. ಬೀಟ್ ಬೀಳುವಾಗ ಗಲ್ಲ ಗೊತ್ತಾಗದಷ್ಟು ತಾಳ ಹಾಕುತ್ತಿತ್ತು. ಎಂಟನೆಯದರ ಹೊತ್ತಿಗೆ, ಇದು ಹತ್ತಕ್ಕೆ ಮುಗಿದುಹೋಗುತ್ತದಲ್ಲ ಎಂಬ ಸಂಕಟ ಶುರುವಾಗಿತ್ತು.

ಮುಗಿಯಿತು. ಅವಳು ಹಾಳೆ ನೋಡಿದಳು. ಎರಡು ಸಲ ಎಣಿಸಿದಳು.

"ಹತ್ತಕ್ಕೆ ಹತ್ತು," ಎಂದಳು. ದನಿ ಸಣ್ಣದಾಗಿತ್ತು. "ಸುಮ್ನೆ ಊಹೆ ಮಾಡಿ ಇಷ್ಟು ಬರಬೇಕಂದ್ರೆ ಸಾವಿರದ ಇಪ್ಪತ್ನಾಲ್ಕರಲ್ಲಿ ಒಂದು ಸಲ ಬರಬಹುದು. ಇಂಥ ಕಿವಿ ನಾನು ಕ್ಲಿನಿಕ್ಕಲ್ಲೂ ನೋಡಿಲ್ಲ."

"ಅದು ಹಾಗಲ್ಲ..."

"ಸುಮ್ನಿರಿ. ನಿಮಗೆ ಗೊತ್ತಾಗುತ್ತೆ ಅಂದ್ಮೇಲೆ ಉಳಿದ ಡಿಜೆಗಳಿಗೂ ಗೊತ್ತಾಗುತ್ತೆ. ನಾನು ಮಾಡಿದ ಹಾಗೇ ಕಳಿಸ್ತೀನಿ, ತೀರ್ಮಾನ ಆಯ್ತು." ಲ್ಯಾಪ್‌ಟಾಪ್ ಮುಚ್ಚಿದಳು. ಎದ್ದವಳು ಬಾಗಿಲ ಬಳಿ ತಿರುಗಿ ನಿಂತಳು. ಆಗ ಅವಳ ಮುಖದಲ್ಲಿ ಹುಬ್ಬೂ ಇರಲಿಲ್ಲ, ಗುಳಿಯೂ ಇರಲಿಲ್ಲ. ಅವನಿಗೆ ಓದಲು ಬಾರದ ಮೂರನೆಯದೊಂದು ಇತ್ತು. "ಎಂಟು ತಿಂಗಳಲ್ಲಿ ನನ್ನ ಹಾಡನ್ನ ಇಷ್ಟು ಗಮನ ಕೊಟ್ಟು ಕೇಳಿದವರು ನೀವೊಬ್ಬರೇ."

*

ಮಂಗಳವಾರ ಅವನು ಮೂರು ಮೆಸೇಜ್ ಬರೆದು ಅಳಿಸಿದ. ಬುಧವಾರ ಅವಳಿಂದಲೇ ಒಂದು ಬಂತು. "ನಿಮ್ಮ ಕಿವಿ ನಂಬಿ ನಾಳೆ ಕಳಿಸ್ತೀನಿ. ಥ್ಯಾಂಕ್ಸ್." ಜೊತೆಗೆ ಒಂದು ಹೂವು.

ಹೂವನ್ನು ಅವನು ಬಹಳ ಹೊತ್ತು ನೋಡಿದ.

ನಿಜ ಹೇಳಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಅವಳು ಮೆಚ್ಚಿದ್ದು ಅವನ ಕಿವಿಯನ್ನು. ಆ ಕಿವಿಯೇ ಇಲ್ಲ ಎಂದ ಮೇಲೆ ಉಳಿಯುವುದು, ಹುಡುಗಿಯ ಮುಖ ದಿಟ್ಟಿಸಿ ಸುಳ್ಳು ಹೇಳಿದ ಒಬ್ಬ ಡಿಜೆ, ಅದೂ ಕಿವುಡಾಗುತ್ತಿರುವ ಡಿಜೆ. ಹೇಳದಿದ್ದರೆ ಏನಾಗುತ್ತದೆಂಬುದೂ ಗೊತ್ತಿತ್ತು. ಎಂಟು ತಿಂಗಳ ಹಾಡು ಶುಕ್ರವಾರ ನೂರ ಅರವತ್ತು ಜನರನ್ನು ತಲುಪುತ್ತದೆ. ಅರ್ಧಕ್ಕರ್ಧ ಕಡೆ ಅದು ತೆರೆಯುವುದೇ ಇಲ್ಲ. ಹಾಡು ಯಾಕೆ ಸತ್ತಿತೆಂದು ಅವಳಿಗೆ ಎಂದೂ ತಿಳಿಯುವುದಿಲ್ಲ. ಹಾಡೇ ಚೆನ್ನಾಗಿರಲಿಲ್ಲ ಎಂದುಕೊಳ್ಳುತ್ತಾಳೆ.

ಗುರುವಾರ ಬೆಳಗ್ಗೆ ಚಿಕ್ಕಮ್ಮ ಶೂಗಳಿಗೆ ಪುಡಿ ಉದುರಿಸುತ್ತಿದ್ದಾಗ ಅವನು ಪಕ್ಕದಲ್ಲಿ ಕೂತ.

"ಚಿಕ್ಕಮ್ಮ, ನನ್ನ ಎಡಗಿವಿ ಸರಿಯಾಗಿ ಕೇಳಿಸಲ್ಲ."

"ಹೂಂ."

"ಹೂಂ ಅಂದ್ರೆ?"

"ಟಿವಿ ಸದ್ದು ಮೂವತ್ತೈದಕ್ಕೆ ಇಡ್ತೀಯ. ಎಡಗಡೆಯಿಂದ ಕರೆದ್ರೆ ತಿರುಗಲ್ಲ. ಗೊತ್ತಾಗಲ್ವೇನೋ ನಂಗೆ? ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ." ಚಿಕ್ಕಮ್ಮ ಕೈಯ ಪುಡಿ ಒರೆಸಿಕೊಂಡರು. "ನಿನ್ನ ಸಾಕಿ ಸಾಕಾಯ್ತು ನಂಗೆ."

"ಬೂತಿಂದ ತೆಗೀತೀರಾ?"

"ತೆಗೆದು? ಶೂ ಒರೆಸೋಕೆ ಹಾಕ್ಲಾ? ಅದೂ ಬರಲ್ಲ ನಿಂಗೆ." ಮತ್ತೆ ಮೆತ್ತಗೆ ಕೇಳಿದರು, "ಆ ಡಾಕ್ಟ್ರಿಗೆ ತೋರಿಸ್ತೀಯೇನೋ?"

"ತೋರಿಸಿದ್ರೆ ಮುಖ ತಿರುಗಿಸ್ತಾರೆ."

"ಅಷ್ಟಕ್ಕೇ ಮುಖ ತಿರುಗಿಸೋಳಾದ್ರೆ ಇವತ್ತೇ ತಿರುಗಿಸ್ಲಿ. ಹೋಗಿ ಬಾ."

*

ಕ್ಲಿನಿಕ್ಕಿನ ಕೊನೆಯ ರೋಗಿ ನಾಲ್ಕಕ್ಕೆ ಹೊರಟರು. ಅವಳು ಬಿಳಿ ಕೋಟಿನಲ್ಲಿದ್ದಳು, ಕೂದಲನ್ನು ಪೆನ್ನಿನಿಂದ ಗಂಟು ಹಾಕಿದ್ದಳು. ಅವನನ್ನು ಕಂಡು ಮುಖ ಅರಳಿತು. ಅದು ಅರಳಿದ್ದು ಅವನಿಗೆ ಇನ್ನಷ್ಟು ಕಷ್ಟವಾಯಿತು.

"ಏರಿಸೋದನ್ನ ಇಬ್ರೂ ಸೇರಿ ನೋಡೋಣ ಅಂತ ಬಂದ್ರಾ? ಬನ್ನಿ, ಕೂತ್ಕೊಳ್ಳಿ."

"ಏರಿಸ್ಬೇಡಿ," ಎಂದ ಅವನು ನಿಂತೇ. "ಸೋಮವಾರದ ಪರೀಕ್ಷೆ ಸುಳ್ಳು. ನನಗೆ ಆ ಎರಡಕ್ಕೂ ಒಂದು ಚೂರೂ ವ್ಯತ್ಯಾಸ ಕೇಳಿಸಲಿಲ್ಲ."

"ಹತ್ತಕ್ಕೆ ಹತ್ತು ಹೇಳಿದ್ರಿ."

"ಹತ್ತಕ್ಕೆ ಹತ್ತೂ ನಿಮ್ಮ ಮುಖ."

ಅವಳಿಗೆ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. ಎಂಪಿತ್ರೀಗೆ ಬಲ ಹುಬ್ಬು. ವೇವ್‌ಗೆ ಗುಳಿ. ನಾಲ್ಕನೆಯದರಲ್ಲಿ ಅಡ್ಡ ಬಂದ ಕೂದಲು. ಮೂರು ವರ್ಷದ ಸೀಟಿಯನ್ನೂ ಹೇಳಿದ. ಶ್ರುತಿಕವಲಿನ ಸದ್ದು ತನಗೆ ಒಂದು ಸಲವೂ ಕೇಳಿಸಿಲ್ಲ ಎಂಬುದನ್ನೂ ಹೇಳಿದ. ಅದೊಂದು ಮಾತ್ರ ಹೇಳುವಾಗ ನೆಲ ನೋಡಿದ.

ಅವಳು ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ಮುಚ್ಚಿಟ್ಟಳು.

"ಐದು ವರ್ಷದ ಮಕ್ಕಳು ಮಾಡೋ ಕೆಲಸ ಇದು," ಎಂದಳು. "ನನ್ನ ಮೊಣಕೈ ಅಲುಗಿದ್ದು ನೋಡಿ ಬಟನ್ ಒತ್ತುತ್ತಾರೆ. ಪರೀಕ್ಷೆ ಮಾಡೋರ ಮುಖ ಕಾಣೋ ಹಾಗೆ ಯಾರನ್ನೂ ಕೂರಿಸಬಾರದು ಅಂತ ಮೊದಲನೇ ವರ್ಷವೇ ಹೇಳಿಕೊಡ್ತಾರೆ. ದಿನಾ ಹತ್ತು ಜನರನ್ನ ಗೋಡೆ ಕಡೆ ತಿರುಗಿಸಿ ಕೂರಿಸ್ತೀನಿ. ನಿಮ್ಮನ್ನ ಮಾತ್ರ ಎದುರಿಗೆ ಕೂರಿಸಿಕೊಂಡೆ."

"ತಪ್ಪು ನಂದು."

"ತಪ್ಪು ನಿಮ್ಮದೇ. ಕೋಪ ಇಬ್ಬರ ಮೇಲೂ ಇದೆ." ಪರೀಕ್ಷಾ ಕೋಣೆಯ ದಪ್ಪ ಬಾಗಿಲು ತೆರೆದಳು. "ಒಳಗೆ ಹೋಗಿ. ಗೋಡೆ ಕಡೆ ಮುಖ."

ಒಳಗೆ ಎಂಥ ನಿಶ್ಶಬ್ದವೆಂದರೆ ಅವನ ಸೀಟಿ ಮಾತ್ರ ಉಳಿಯಿತು. ಹೆಡ್‌ಫೋನಿನಲ್ಲಿ ಅವಳ ದನಿ ಬಂತು. ಕೇಳಿಸಿದ ತಕ್ಷಣ ಬಟನ್ ಒತ್ತಿ, ಊಹೆ ಮಾಡಬೇಡಿ. ಇಪ್ಪತ್ತು ನಿಮಿಷ ಅವನು ಗೋಡೆ ನೋಡುತ್ತ, ಬಂದದ್ದಕ್ಕೆ ಒತ್ತಿದ, ಬಾರದ್ದಕ್ಕೆ ಸುಮ್ಮನಿದ್ದ. ಸುಮ್ಮನಿರುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

"ಈಗ ಮಾತಿನ ಪರೀಕ್ಷೆ. ಎಡಗಿವಿಗೆ ಮಾತ್ರ. ನಾನು ಹೇಳಿದ್ದನ್ನ ನಿಮಗೆ ಕೇಳಿಸಿದ ಹಾಗೆ ತಿರುಗಿ ಹೇಳಿ. ಮನೆ."

"ಮನೆ."

"ಸಾಲು."

"ಹಾಲು."

"ಬೇಲಿ."

"ಬೇಲಿ."

"ಸುಳಿ."

"ಹುಳಿ."

ಸ್ವಲ್ಪ ತಡೆದು ಇನ್ನೊಂದು ಬಂತು.

"ಸಾಕು."

"ಹಾಕು."

ಹೆಡ್‌ಫೋನ್ ಮೌನವಾಯಿತು. ಅವನು ಕಾದ.

"ಏನಾಯ್ತು? ತಪ್ಪಾಯ್ತಾ?"

"ಒಂದು ನಿಮಿಷ ಇರಿ," ಅವಳ ದನಿ ಒದ್ದೆಯಾಗಿತ್ತು, ಅದರೊಳಗೆ ನಗುವೂ ಇತ್ತು. "ಭಾನುವಾರದ ಕೋಪ ವಾಪಸ್ ತಗೋತಿದೀನಿ."

ಹೊರಬಂದಾಗ ಅವಳು ನಕ್ಷೆಯ ಹಾಳೆಯನ್ನು ಮೇಜಿನ ಮೇಲೆ ಹರವಿದಳು. ಎರಡು ಗೆರೆಗಳು ನೇರವಾಗಿ ಸಾಗಿ, ನಾಲ್ಕು ಸಾವಿರ ಹರ್ಟ್ಸ್ ಬಳಿ ಕಣಿವೆಗಿಳಿದು, ಮತ್ತೆ ಮೇಲೆ ಬಂದಿದ್ದವು. ಬಲಗಿವಿಯ ಕಣಿವೆ ಆಳವಿರಲಿಲ್ಲ. ಎಡದ್ದು ಅರವತ್ತು ಡೆಸಿಬೆಲ್ ತನಕ ಇಳಿದಿತ್ತು.

"ಇದು ಸದ್ದಿನ ಪೆಟ್ಟು. 'ಸ' ಅನ್ನೋ ದನಿ ಇರೋದೂ ಇದರ ಆಸುಪಾಸಲ್ಲೇ. ನನ್ನ ಶ್ರುತಿಕವಲು ಸರಿಯಾಗಿ ಈ ಕಣಿವೆ ತಳದಲ್ಲಿದೆ." ಅವಳ ಬೆರಳು ಅಲ್ಲಿ ನಿಂತಿತು. "ಸುಳ್ಳು ಸಮಾಧಾನ ಹೇಳಲ್ಲ. ಹೋದದ್ದು ಬರಲ್ಲ. ಉಳಿದದ್ದನ್ನ ಕಾಪಾಡ್ಕೋಬಹುದು. ಕಿವಿಯ ಅಚ್ಚು ತೆಗೆದು ಪ್ಲಗ್ ಮಾಡಿಸ್ತೀನಿ, ಅದಿಲ್ಲದೆ ಬೂತ್ ಹತ್ತೋ ಹಾಗಿಲ್ಲ. ಆರು ತಿಂಗಳಿಗೊಮ್ಮೆ ಪರೀಕ್ಷೆ."

"ಕೆಲಸ ಬಿಡ್ಬೇಕಾ?"

"ಯಾಕೆ ಬಿಡ್ಬೇಕು? ಬೀಟ್, ಬೇಸ್, ಎಲ್ಲ ನಿಮಗೆ ನನ್ನಷ್ಟೇ ಚೆನ್ನಾಗಿ ಕೇಳಿಸುತ್ತೆ. ಇಲ್ಲೇ ಇದೆ ನೋಡಿ." ನಕ್ಷೆಯ ನೇರ ಗೆರೆಯನ್ನು ತೋರಿಸಿದಳು. ಬೆರಳನ್ನು ಅಲ್ಲಿಂದ ಬೇಗ ತೆಗೆಯಲಿಲ್ಲ, ಅವನ ಬೆರಳೂ ಅದರ ಪಕ್ಕದಲ್ಲೇ ಇತ್ತು.

ಗೋಡೆಯ ಗಡಿಯಾರ ಐದು ಹತ್ತು ತೋರಿಸಿತು. ಇಬ್ಬರೂ ಒಟ್ಟಿಗೇ ನೋಡಿದರು.

"ಫಾರ್ಮ್ಯಾಟ್!" ಎಂದಳು ಅವಳು.

ಲ್ಯಾಪ್‌ಟಾಪ್ ತೆರೆದವಳು ತಟ್ಟನೆ ಅವನ ಕಡೆ ತಳ್ಳಿದಳು. ತಾನು ಕುರ್ಚಿ ತಿರುಗಿಸಿ ಗೋಡೆ ಕಡೆ ಮುಖ ಮಾಡಿ, ಹೆಡ್‌ಫೋನ್ ಹಾಕಿಕೊಂಡು ಕೂತಳು.

"ಈಗ ನೀವು ಹಾಕಿ. ನಾನು ಹೇಳ್ತೀನಿ. ಹತ್ತು ಸಲ."

ಅವನು ಹಾಕಿದ. ಅವಳು ಮೊದಲ ಎರಡಕ್ಕೆ ಥಟ್ಟನೆ ಉತ್ತರ ಹೇಳಿದಳು. ಆರನೆಯದರ ಹೊತ್ತಿಗೆ ಇನ್ನೊಂದ್ಸಲ, ಇನ್ನೊಂದ್ಸಲ ಎನ್ನತೊಡಗಿದಳು. ಅವನಿಗೆ ಕಾಣುತ್ತಿದ್ದದ್ದು ಪೆನ್ನು ಚುಚ್ಚಿದ ಕೂದಲ ಗಂಟು ಮತ್ತು ಕತ್ತಿನ ಹಿಂದಿನ ಒಂದು ಮಚ್ಚೆ ಮಾತ್ರ.

"ಎಷ್ಟು?" ತಿರುಗದೆ ಕೇಳಿದಳು.

"ಐದು."

"ಹತ್ತಕ್ಕೆ ಐದು?"

"ನಾಣ್ಯ ಚಿಮ್ಮಿದ್ರೂ ಅಷ್ಟು ಬರ್ತಿತ್ತು."

ಅವಳು ಕುರ್ಚಿ ತಿರುಗಿಸಿದಳು. "ಹಾಗಾದ್ರೆ ಸೋಮವಾರ ನನ್ನ ಹುಬ್ಬು ಏರಿದ್ದು ಕಿವಿಗೆ ಕೇಳಿಸಿ ಅಲ್ಲ. ಸ್ಕ್ರೀನ್ ಮೇಲೆ ಎಂಪಿತ್ರೀ ಅಂತ ಬರೆದಿತ್ತಲ್ಲ, ಅದನ್ನ ಓದಿ."

"ಹಾಗೇ ಕಾಣುತ್ತೆ."

"ನಾನು ಹೆಸರು ಓದಿ ಹುಬ್ಬೇರಿಸಿದೆ, ನೀವು ಹುಬ್ಬು ಓದಿ ಹೆಸರು ಹೇಳಿದ್ರಿ. ಹಾಡು ಕೇಳಿದವರು ಯಾರು ಇಲ್ಲಿ?"

"ಚಿಕ್ಕಮ್ಮ ಕೇಳಿದ್ರು. ಚೆನ್ನಾಗಿದೆ ಅಂದ್ರು."

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅವಳು ಕೆಲಸದ ದನಿಗೆ ಬಂದಳು. "ಹೇಳಿ. ನೀವೇ ಆ ನೂರ ಅರವತ್ತರಲ್ಲಿ ಒಬ್ಬರಾಗಿದ್ರೆ ಏನು ಕಳಿಸಿದ್ರೆ ನಿಮಗೆ ಅನುಕೂಲ?"

"ಎಐಎಫ್‌ಎಫ್. ಹದಿನಾರು ಬಿಟ್, ನಲವತ್ನಾಲ್ಕು ಪಾಯಿಂಟ್ ಒಂದು. ಹಳೇ ಮಿಷನ್ನು, ಹೊಸ ಮಿಷನ್ನು, ಎಲ್ಲದರಲ್ಲೂ ತೆರೆಯುತ್ತೆ. ಎಂಪಿತ್ರೀ ಹಾಗೆ ಹಿಂಡಿರಲ್ಲ, ವೇಗ ಇಳಿಸಿ ಎಳೆದ್ರೂ ತಡ್ಕೊಳ್ಳುತ್ತೆ. ಹೆಸರು ಒಳಗೇ ಉಳಿಯುತ್ತೆ, ಪ್ಲೇಯರ್ ಮೇಲೆ ಕಾಣಿಸುತ್ತೆ. ಇನ್ನೊಂದು ಮಾತು..." ತಡೆದ.

"ಏನು?"

"ಮೊದಲ ಸೆಕೆಂಡಲ್ಲೇ ರಾಗ ಶುರುವಾಗುತ್ತೆ. ಬರೀ ಡ್ರಮ್ಮು ಒಂದು ಅರ್ಧ ನಿಮಿಷ ಮುಂದೆ ಇದ್ರೆ, ಹಿಂದಿನ ಹಾಡಿಂದ ನಿಮ್ಮ ಹಾಡಿಗೆ ಬರೋಕೆ ಡಿಜೆಗೆ ಜಾಗ ಸಿಗುತ್ತೆ."

ಅವಳು ಡ್ರಮ್ಮಿನ ತುಂಡನ್ನು ನಕಲಿಸಿ ಮುಂದಕ್ಕೆ ಸೇರಿಸಿದಳು. ಕೇಳಿದಳು. ಇನ್ನೊಮ್ಮೆ ಕೇಳಿದಳು. ಫೈಲ್ ಸಿದ್ಧವಾಯಿತು. ಹಾಡಿನ ಹೆಸರು, ನಿಮಿಷಕ್ಕೆ ಬೀಟ್ ನೂರ ಇಪ್ಪತ್ನಾಲ್ಕು. ಮಾಡಿದವರು ಎಂಬಲ್ಲಿ ಅವಳು ತನ್ನ ಹೆಸರನ್ನು ಪೂರ್ತಿಯಾಗಿ ಬರೆದಳು.

ಐದು ನಲವತ್ತೊಂದಕ್ಕೆ ಏರಿಸಿದಳು. ಐದು ನಲವತ್ನಾಲ್ಕಕ್ಕೆ ಸ್ವೀಕರಿಸಲಾಗಿದೆ ಎಂದು ಬಂತು. ಇನ್ನು ಬದಲಾಯಿಸುವಂತಿರಲಿಲ್ಲ.

ಕಿಟಕಿಯಿಂದ ಇಳಿಬಿಸಿಲು ಮೇಜಿನ ಮೇಲೆ ಬಂದು ನಕ್ಷೆಯ ಹಾಳೆ ಬೆಳಗಿತು. ಇಬ್ಬರಿಗೂ ಎದ್ದು ಹೋಗಲು ಕಾರಣಗಳಿದ್ದವು. ಯಾರೂ ಏಳಲಿಲ್ಲ.

"ಸೋಮವಾರ ಹತ್ತು ಸಲ," ಎಂದಳು ಅವಳು ಮೇಜಿನಂಚು ನೋಡುತ್ತ, "ನನ್ನ ಮುಖ ನೋಡ್ತಾ ಕೂತಿದ್ರಿ."

"ಹತ್ತಲ್ಲ. ನಾಲ್ಕನೇದು ಎರಡು ಸಲ ಹಾಕಿಸಿದ್ದೆ. ಹನ್ನೊಂದು."

"ಅಷ್ಟೂ ಪರೀಕ್ಷೆಗೋಸ್ಕರ?"

"ಮೊದಲ ನಾಲ್ಕು ಪರೀಕ್ಷೆ."

"ಉಳಿದದ್ದು?"

"ಉಳಿದದ್ದು ಅದು ಮುಗೀಬಾರದು ಅಂತ."

ಅವಳು ತಲೆಯೆತ್ತಿದಳು. ಸೋಮವಾರ ಬಾಗಿಲ ಬಳಿ ಕಂಡಿದ್ದ, ಅವನಿಗೆ ಓದಲಾಗದ ಆ ಮೂರನೆಯದು ಮುಖದಲ್ಲಿ ಮತ್ತೆ ಬಂದಿತ್ತು. ಈಗ ಅದು ಅರ್ಥವಾಗುವಂತಿತ್ತು. ಆದರೂ ಅವನು ಎದ್ದು, ಬೆನ್ನು ತಿರುಗಿಸಿ, ಗೋಡೆ ಕಡೆ ಮುಖ ಮಾಡಿ ಕೂತ.

"ಇದೇನು?"

"ಇನ್ಮೇಲೆ ಮುಖ ನೋಡಿ ಉತ್ತರ ಹೇಳಲ್ಲ. ಏನಿದ್ರೂ ಬಾಯಿಬಿಟ್ಟು ಹೇಳಿ."

ಬೆನ್ನ ಹಿಂದೆ ಕುರ್ಚಿ ಸರಿದದ್ದು ಕೇಳಿಸಿತು. ಹೆಜ್ಜೆ ಕೇಳಿಸಿತು. ಏನೋ ಹೇಳಲು ಹೊರಟು ತಡೆದ ಉಸಿರೂ ಕೇಳಿಸಿತು.

"ಎಲ್ಲರೂ ಹೇಳೋ ಆ ಪದದಲ್ಲಿ 'ಸ' ಇದೆ," ಎಂದಳು. "'ಪ್ರೀತಿ' ತನಕ ಕೇಳಿಸುತ್ತೆ ನಿಮಗೆ. ಆಮೇಲಿಂದು ಗಾಳಿ."

"ಹಾಗಾದ್ರೆ ಬಲಗಿವಿಗೆ ಹೇಳಿ."

"ಸುಲಭದ ಕಿವಿಗೆ ಯಾರು ಬೇಕಾದ್ರೂ ಹೇಳ್ತಾರೆ."

ಅವಳು ಎಡಕ್ಕೆ ಬಂದಳು. ಅಲ್ಲಿ ಬಗ್ಗಿ, ಸ್ವಲ್ಪ ಹೊತ್ತು ಸುಮ್ಮನಿದ್ದಳು. ತನಗೆ ಗೊತ್ತಿದ್ದ ಎಲ್ಲ ಪದಗಳಲ್ಲಿ ಆ ಕಣಿವೆ ದಾಟಿ ಬರಬಲ್ಲವನ್ನು ಮಾತ್ರ ಆರಿಸುವಷ್ಟು ಹೊತ್ತು. ಆಮೇಲೆ, ಪಿಸುಗುಟ್ಟದೆ, ತನ್ನ ಸ್ವಂತ ದನಿಯಲ್ಲಿ ಹೇಳಿದಳು.

"ನೀನು ಬೇಕು ನಂಗೆ."

ಮೂರು ಪದ. ಅವನ ಸೀಟಿ ಒಂದನ್ನೂ ಮುಟ್ಟಲಿಲ್ಲ.

"ಕೇಳಿಸಿದ ಹಾಗೆ ತಿರುಗಿ ಹೇಳು," ಎಂದಳು.

ಅವನು ಅವಳ ಕಡೆ ತಿರುಗಿದ.

"ನೀನು ಬೇಕು ನಂಗೆ," ಎಂದ, ಒಂದಕ್ಷರವೂ ತಪ್ಪದೆ.